ಬಲ್ಲಣ್ಣನ ಕೈಗೆ ಬಂದ ಹವಳ

ಬಲ್ಲಣ್ಣ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತು ಕೂತು ಅವನೇ ಸಂಪಾದಿಸಿಕೊಂಡದ್ದು. ಕಿಟಕಿಯಾಚೆ ನಿಂತವರು "ಸಾರ್, ನಮ್ಮ ಬೀದೀಲಿ..." ಎನ್ನುವಷ್ಟರಲ್ಲಿ ಈಚೆಯಿಂದ "ಗೊತ್ತು, ಗೊತ್ತು" ಎಂದು ಉತ್ತರ ಬಂದುಬಿಡುತ್ತಿತ್ತು. ಪೈಪು ಒಡೆದಿದೆ ಎಂದು ಹೇಳಲು ಬಂದವರ ಮನೆಗೆ ಮೀಟರು ಬದಲಾಯಿಸುವವರು ಹೋಗುತ್ತಿದ್ದರು. ಮೀಟರು ಕೆಟ್ಟವರ ಮನೆ ಮುಂದೆ ರಸ್ತೆ ಅಗೆಯುತ್ತಿದ್ದರು. ಹಾಗಂತ ಅವನು ಕೆಟ್ಟವನೇನಲ್ಲ. ಗೊತ್ತಿಲ್ಲ ಅಂದರೆ ಎದುರಿಗಿದ್ದವರಿಗೆ ಬೇಜಾರಾದೀತು ಎಂದು ಅವನ ನಂಬಿಕೆ. ಒಂದಿಡೀ ಊರಿಗೆ ಬೇಜಾರಾಗದಂತೆ ನೋಡಿಕೊಳ್ಳುವ ಹೊಣೆ ಹೊತ್ತ ಮನುಷ್ಯನಿಂದ ಅಲ್ಲೊಂದು ಇಲ್ಲೊಂದು ರಸ್ತೆ ಹಾಳಾದರೆ ಅದನ್ನು ದೊಡ್ಡದು ಮಾಡಬಾರದು.

ಅವನ ಅಕ್ಕ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಇದೇ ಆಯಿತು. ಅಕ್ಕ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು, ಹನಿಯ ಲೆಕ್ಕದಲ್ಲಿ ಬದುಕಿದವಳು. ಮನೆಯ ಹಾಲಿನಲ್ಲಿ ಒಂದು ದೊಡ್ಡ ಗಾಜಿನ ಟ್ಯಾಂಕು ಇಟ್ಟು, ಅದರಲ್ಲಿ ಉಪ್ಪುನೀರು ತುಂಬಿಸಿ, ಕಲ್ಲು ಜೋಡಿಸಿ, ಕಲ್ಲಿನ ಮೇಲೆ ಜೀವಂತ ಹವಳ ಬೆಳೆಸಿದ್ದಳು. ಅವತ್ತು ಹಾಸಿಗೆಯ ಪಕ್ಕ ಕೂತಿದ್ದ ತಮ್ಮನ ಕೈ ಹಿಡಿದು, "ಲೋ, ಇಲ್ಲಿ ಕೇಳು. ನಂಗೊಂದು ಡಬ್ಬಿ ಬರೋದಿದೆ. ಹೊಸ ಹವಳದ್ದು. ಅದು ಬಂದ್ರೆ ನೀನು..." ಎಂದಳು.

"ಗೊತ್ತು ಬಿಡಕ್ಕ. ಎಲ್ಲಾ ನಾನು ನೋಡ್ಕೋತೀನಿ. ನೀನು ಮಲ್ಕೋ."

ಅಕ್ಕ ಅವನನ್ನೇ ಒಂದು ಗಳಿಗೆ ನೋಡಿ, ಕಣ್ಣು ಮುಚ್ಚಿದಳು. ಬಲ್ಲಣ್ಣ ಕ್ಯಾಂಟೀನಿಗೆ ಟೀ ಕುಡಿಯಲು ಹೋದ. ಆಮೇಲೆ ಅವನ ಜೊತೆ ಮಾತಾಡಲು ಅವಳಿಗೆ ಆಗಲಿಲ್ಲ, ಮರುದಿನ ಅವಳೇ ಇರಲಿಲ್ಲ. ಆ ಮಾತಿನ ಉಳಿದರ್ಧ ಏನಿತ್ತು ಎಂದು ಬಲ್ಲಣ್ಣ ಕಿಟಕಿಯ ಹಿಂದೆ ಕೂತು ದಿನವೂ ಯೋಚಿಸುತ್ತಿದ್ದ. ಜನರ ದೂರಿಗೆ ಮಾತ್ರ "ಗೊತ್ತು" ಎನ್ನುವುದನ್ನು ಬಿಡಲಿಲ್ಲ.

ಅಕ್ಕನ ಗಂಡ, ಅಂದರೆ ಭಾವ, ಅಚ್ಚುಕೂಟವೊಂದಕ್ಕೆ ಪ್ರೂಫ್ ನೋಡುವವರು. ಬೇರೆಯವರ ತಪ್ಪುಗಳನ್ನು ಕೆಂಪು ಪೆನ್ನಿನಿಂದ ಸದ್ದಿಲ್ಲದೆ ತಿದ್ದಿ ಕಳಿಸುವುದೇ ಕೆಲಸವಾದ್ದರಿಂದ ಮೊದಲೇ ಮಾತು ಕಮ್ಮಿ. ಅಕ್ಕ ಹೋದ ಮೇಲೆ ಇದ್ದ ನಾಲ್ಕು ಮಾತೂ ನಿಂತವು. ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಕೂತರು. ಸಾಂತ್ವನ ಹೇಳಲು ಬಂದವರಿಗೆ ಅವರ ಬೆನ್ನು ಮಾತ್ರ ಸಿಗುತ್ತಿತ್ತು. ಬಂದವರು ಬೆನ್ನಿಗೇ ಸಮಾಧಾನ ಹೇಳಿ ಹೋಗುತ್ತಿದ್ದರು.

ಒಂದು ಭಾನುವಾರ ಬಲ್ಲಣ್ಣ, ಅವನ ಹೆಂಡತಿ ಮತ್ತು ಚಿಕ್ಕಪ್ಪ ಹಾಗೆ ಬೆನ್ನು ನೋಡುತ್ತಾ ಕೂತಿದ್ದಾಗ ಕೊರಿಯರಿನವನು ಬಾಗಿಲು ಬಡಿದ. ಕೈಯಲ್ಲಿ ಥರ್ಮಾಕೋಲಿನ ಡಬ್ಬಿ. ಮೇಲೆ ಅಕ್ಕನ ಹೆಸರು.

"ಮೇಡಮ್ಮನ್ನ ಕರೀರಿ. ಸಹಿ ಬೇಕು."

"ಅವರಿಲ್ಲ," ಎಂದ ಬಲ್ಲಣ್ಣ.

"ಯಾವಾಗ ಬರ್ತಾರೆ?"

"ಬರೋದಿಲ್ಲ."

"ಊರಿಗೆ ಹೋಗಿದ್ದಾರಾ?"

"ತೀರಿಕೊಂಡಿದ್ದಾರೆ."

ಕೊರಿಯರಿನವನು ತಲೆ ಕೆರೆದುಕೊಂಡ. ಅವನ ಮೊಬೈಲಿನಲ್ಲಿ ಅದಕ್ಕೆ ಗುಂಡಿ ಇರಲಿಲ್ಲ. "ನೋಡಿ ಸಾರ್, 'ಮನೆಗೆ ಬೀಗ', 'ವಿಳಾಸ ತಪ್ಪು', 'ಬೇಡ ಅಂದರು', ಇಷ್ಟೇ ಇರೋದು. ಬೇಡ ಅಂದರು ಅಂತ ಹಾಕ್ಲಾ?"

ಟ್ಯಾಂಕಿನ ಮುಂದಿನ ಬೆನ್ನು ತಿರುಗಿತು. ಭಾವ ಎದ್ದು ಬಂದು, ಡಬ್ಬಿ ಕಿತ್ತುಕೊಂಡು, ಸಹಿ ಹಾಕಿದರು. ಒಳಗಿನ ನೀರಿನ ಚೀಲವನ್ನು ಹಾಗೇ ಬಿಚ್ಚದೆ ಟ್ಯಾಂಕಿನಲ್ಲಿ ತೇಲಿಬಿಟ್ಟರು. ಆಮೇಲೆ ಬಲ್ಲಣ್ಣನ ಕಡೆ ನೋಡಿ, ವಾರಗಳ ನಂತರ ಮೊದಲ ಮಾತಾಡಿದರು.

"ಹೊಸ ಹವಳಾನ ಹುಳ ಹೋಗೋಕೆ ಔಷಧಿ ನೀರಲ್ಲಿ ಅದ್ದಿ ಟ್ಯಾಂಕಿಗೆ ಬಿಡಬೇಕು. ನಿನಗೆ ಗೊತ್ತಾ?"

ಇಂಥ ಪ್ರಶ್ನೆಗೆ ಬಲ್ಲಣ್ಣನಲ್ಲಿ ಉತ್ತರ ಒಂದೇ. "ಏನ್ ಭಾವ, ನನಗೆ ಗೊತ್ತಿಲ್ವಾ!" ಎಂದ. ಹೆಂಡತಿ ಹಣೆ ಒತ್ತಿಕೊಂಡಳು. ಆದರೆ ಸತ್ತ ಅಕ್ಕನಿಗೆ ಕೊಟ್ಟ ಮಾತು, ಬಾಯಿ ಬಿಟ್ಟ ಭಾವ, ಎರಡೂ ಒಟ್ಟಿಗೆ ಎದುರಿಗೆ ನಿಂತಾಗ ಹಿಂದೆ ಸರಿಯುವ ಜಾತಿಯವನಲ್ಲ ಅವನು. ಸ್ಕೂಟರು ಹತ್ತಿ ಮೀನಿನ ಅಂಗಡಿಗೆ ಹೋದ.

ಮೀನಿನ ಅಂಗಡಿಯವನು ಬಲು ಬೇಜಾರಿನ ಮನುಷ್ಯ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಸತ್ತ ಮೀನುಗಳನ್ನು ಬಲೆಯಲ್ಲಿ ಎತ್ತಿ ಹಾಕುವುದರಿಂದ ಅವನ ದಿನ ಶುರು. ನಗುವ ಗಿರಾಕಿ ಬಂದರೆ ಅವನಿಗೆ ಅನುಮಾನ.

"ಹವಳ ಅದ್ದೋ ಔಷಧಿ ಕೊಡಿ."

"ಟ್ಯಾಂಕಿನ ನೀರೇ ತಗೊಂಡು ಬೆರೆಸಬೇಕು. ನಲ್ಲಿ ನೀರು..."

"ಗೊತ್ತು. ನಾನು ನೀರಿನ ಇಲಾಖೆಯವನೇ."

"ಕೈಗೆ ಗವಸು, ಕಣ್ಣಿಗೂ ಏನಾದ್ರೂ ಹಾಕ್ಕೊಳ್ಳಿ. ಕೆಲವು ಹವಳ ವಿಷ ಬಿಡುತ್ತೆ, ಚಿಮ್ಮಿದ್ರೆ..."

"ಗೊತ್ತು."

"ಬಾಟ್ಲಿ ಮೇಲೆ ಬರೆದಷ್ಟೇ ಹೊತ್ತು. ಹುಳ ಉದುರುತ್ತೆ. ಆ ನೀರನ್ನ ಯಾವ ಕಾರಣಕ್ಕೂ ಟ್ಯಾಂಕಿಗೆ..."

"ಗೊತ್ತು ಸ್ವಾಮಿ. ಚೆಲ್ಲಬೇಕು. ಒಳ್ಳೇ ನೀರಲ್ಲಿ ಇನ್ನೊಂದು ಸಲ ತೊಳೀಬೇಕು." ಇದು ಅವನ ಬಾಯಿಗೆ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ. ಬಾಟಲಿಯ ಮೇಲಿನ ಚಿತ್ರ ನೋಡಿ ಹೇಳಿದ್ದ. ಸರಿಯಾಗಿಬಿಟ್ಟದ್ದರಿಂದ ಧೈರ್ಯ ಹೆಚ್ಚಿತು.

ಅಂಗಡಿಯವನೂ ಸ್ವಲ್ಪ ನಂಬಿದ. "ಇನ್ನೊಂದೇ ಒಂದು. ಇದು ಎಲ್ಲರೂ ಎಡವೋದು. ಅದ್ದಿ ಇಟ್ಟ ಮೇಲೆ ಅದು ಒಂದಷ್ಟು ದಿನ..."

"ಗೊತ್ತು, ಗೊತ್ತು!"

ಬಲ್ಲಣ್ಣ ಬಾಟಲಿ ಹಿಡಿದು ಹೊರಟೇಬಿಟ್ಟ. ಅಕ್ಕನ ಮಾತಿನ ಉಳಿದರ್ಧ ಆಸ್ಪತ್ರೆಯಲ್ಲಿ ಉಳಿದಿತ್ತು. ಈ ಮಾತಿನ ಉಳಿದರ್ಧ ಮೀನಿನ ಅಂಗಡಿಯಲ್ಲಿ ಉಳಿಯಿತು.

ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ ಕಾರ್ಯಕ್ರಮ ಏರ್ಪಾಡಾಯಿತು. ಬಲ್ಲಣ್ಣ ಪಾತ್ರೆ ತೊಳೆಯುವ ಹಳದಿ ಗವಸು ತೊಟ್ಟು, ಕಣ್ಣಿನ ರಕ್ಷಣೆಗೆಂದು ಸ್ಕೂಟರಿನ ಹೆಲ್ಮೆಟ್ಟನ್ನೇ ಹಾಕಿಕೊಂಡು ನಿಂತ. ಮೇಲಿನ ಮನೆಯಾಕೆ ಬಾಲ್ಕನಿಯಿಂದ ಬಗ್ಗಿ ನೋಡಿ, "ಗ್ಯಾಸ್ ಸೋರ್ತಿದ್ಯಾ?" ಎಂದು ಕೂಗಿದಳು. ಹೆಲ್ಮೆಟ್ಟಿನೊಳಗಿಂದ "ಗೊತ್ತು, ಗೊತ್ತು" ಎಂದು ಕೇಳಿಸಿತು. ಆಕೆ ಗಾಬರಿಯಿಂದ ತನ್ನ ಮನೆಯ ಒಲೆ ಆರಿಸಿ, ಕೆಳಗಿಳಿದು ಬಂದಳು.

ಬಲ್ಲಣ್ಣ ಮೊದಲು ನಲ್ಲಿ ತಿರುಗಿಸಿ ಟಬ್ಬು ತುಂಬಿಸಿದ. ತನ್ನ ಇಲಾಖೆಯ ನೀರಿಗಿಂತ ಒಳ್ಳೆಯ ನೀರು ಯಾವ ಸಮುದ್ರದಲ್ಲಿದೆ ಎಂಬ ಹೆಮ್ಮೆ. ಭಾವ ಬಂದರು, ಮಾತಿಲ್ಲದೆ ಆ ನೀರು ಚೆಲ್ಲಿದರು. ಟ್ಯಾಂಕಿನ ನೀರನ್ನು ಎರಡು ಟಬ್ಬುಗಳಿಗೆ ತುಂಬಿಸಿಟ್ಟು ಮತ್ತೆ ಕುರ್ಚಿಗೆ ಹೋಗಿ ಕೂತರು. ಪಾಪ, ದುಃಖದಲ್ಲಿ ಏನು ಮಾಡುತ್ತಿದ್ದೇನೆ ಎಂದೇ ತಿಳಿಯುತ್ತಿಲ್ಲ ಅವರಿಗೆ ಎಂದು ಬಲ್ಲಣ್ಣ ಮರುಗಿದ.

ಗಡಿಯಾರ ನೋಡುವ ಕೆಲಸ ಚಿಕ್ಕಪ್ಪನಿಗೆ ಬಂತು. ಅವನು ನಿವೃತ್ತ ಸ್ಟೇಷನ್ ಮಾಸ್ತರ. ಹೊತ್ತಿನ ವಿಷಯದಲ್ಲಿ ಮನೆಯಲ್ಲಿ ಅವನ ಮಾತೇ ಕೊನೆ. ಅವನ ಸ್ಟೇಷನ್ನಿಗೆ ಹೊತ್ತಿಗೆ ಸರಿಯಾಗಿ ಬಂದ ರೈಲು ಒಂದೂ ಇರಲಿಲ್ಲ ಎಂಬುದನ್ನು ಯಾರೂ ಎತ್ತುತ್ತಿರಲಿಲ್ಲ.

ಚೀಲದಿಂದ ಹೊರಬಂದದ್ದು ಅಂಗೈಯಗಲದ ಒಂದು ಕಲ್ಲು. ಅದರ ತುಂಬ ಸಣ್ಣ ಸಣ್ಣ ಹೂವಿನಂಥ ಬಾಯಿಗಳು, ನೇರಳೆ ಅಂಚು, ಹಸಿರು ನಡು. ಅಕ್ಕ ಯಾಕೆ ಆಸ್ಪತ್ರೆಯಲ್ಲೂ ಇದರ ದಾರಿ ಕಾಯುತ್ತಿದ್ದಳು ಎಂದು ಬಲ್ಲಣ್ಣನಿಗೆ ಅವತ್ತು ಅರ್ಥವಾಯಿತು, ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಂಜಾಯಿತು.

ಔಷಧಿ ಬೆರೆಸಿದ ನೀರಲ್ಲಿ ಅದನ್ನು ಅದ್ದಿ, ಅಲ್ಲಾಡಿಸಿ, ಸಿರಿಂಜಿನಿಂದ ನೀರು ಚಿಮ್ಮಿಸಿದ. ಚಪ್ಪಟೆಯಾದ ಒಂದು ಸಣ್ಣ ಹುಳ ಕಳಚಿ ಟಬ್ಬಿನ ತಳಕ್ಕೆ ಬಿತ್ತು.

"ಅಯ್ಯೋ, ಹುಳ!" ಮೇಲಿನ ಮನೆಯಾಕೆ ಕಿರುಚಿದಳು.

"ಹುಳ ಅಂದ್ರೆ ನೆನಪಾಯ್ತು," ಎಂದು ಚಿಕ್ಕಪ್ಪ ಶುರು ಮಾಡಿದ. ಗೂಡ್ಸ್ ಗಾಡಿಯೊಂದರಲ್ಲಿ ಬಂದ ಗೋಧಿ ಮೂಟೆಗಳ ಕಥೆ. ಕಥೆಯಲ್ಲಿ ಮೂಟೆ ಇಳಿದು, ಹುಳ ಕಂಡು, ಮೇಲಧಿಕಾರಿ ಬಂದು, ತನಿಖೆ ನಡೆದು, ಚಿಕ್ಕಪ್ಪ ನಿರ್ದೋಷಿ ಎಂದು ತೀರ್ಮಾನವಾಗುವವರೆಗೂ ಹವಳ ಔಷಧಿಯಲ್ಲೇ ಕೂತಿತ್ತು. "ಹೊತ್ತು ಆಯ್ತಾ ಚಿಕ್ಕಪ್ಪ?" ಎಂದಾಗ ಅವನು ಗಡಿಯಾರ ನೋಡಿ, "ಸ್ವಲ್ಪ ಲೇಟಾಗಿ ಓಡ್ತಿದೆ" ಎಂದ.

ಎರಡನೇ ಟಬ್ಬಿನಲ್ಲಿ ತೊಳೆದು, ಔಷಧಿ ನೀರು ಚೆಲ್ಲಿ, ಬಲ್ಲಣ್ಣ ಹವಳವನ್ನು ಟ್ಯಾಂಕಿನ ಎತ್ತರದ ಕಲ್ಲಿನ ಮೇಲೆ, ದೀಪದ ನೇರಕ್ಕೆ ಇಟ್ಟ. ಒಳ್ಳೆಯ ವಸ್ತು ಬೆಳಕಿನಲ್ಲಿರಬೇಕು ಎಂದು ಅವನ ವಾದ. ಆ ಹೊತ್ತಿಗೆ ಅದರ ಬಾಯಿಗಳೆಲ್ಲ ಮುಚ್ಚಿದ್ದವು. ಮರುದಿನವೂ ಮುಚ್ಚಿದ್ದವು. ಅದರ ಮರುದಿನ ಕಂದುಬಣ್ಣಕ್ಕೆ ತಿರುಗಿ, ಮೇಲೆ ಲೋಳೆ ಕಟ್ಟಿತು.

ಬಲ್ಲಣ್ಣ ದಿನಾ ಕಚೇರಿ ಮುಗಿಸಿ ನೇರ ಅಲ್ಲಿಗೇ ಬರತೊಡಗಿದ. ಭಾವ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಹೇಗಿದೆ?"

"ಹೀಗೇ ಇರುತ್ತೆ ಭಾವ, ನನಗೆ ಗೊತ್ತು," ಎನ್ನುತ್ತಿದ್ದ ಬಲ್ಲಣ್ಣ. ಅವನು ಹೇಳುತ್ತಿದ್ದದ್ದು ಅಪ್ಪಟ ನಿಜವಾಗಿತ್ತು. ಅದು ನಿಜವೆಂದು ಅವನಿಗೆ ಗೊತ್ತಿರಲಿಲ್ಲ ಅಷ್ಟೆ.

ಸುದ್ದಿ ಹಬ್ಬಿತು. ಅಕ್ಕನಿಗಾಗಿ ಬರುತ್ತಿದ್ದ ಜನ ಈಗ ಹವಳಕ್ಕಾಗಿ ಬರತೊಡಗಿದರು. "ಒಂದರ ಹಿಂದೆ ಒಂದು," ಎಂದು ಮೇಲಿನ ಮನೆಯಾಕೆ ನಿಟ್ಟುಸಿರು ಬಿಟ್ಟಳು. ಚಿಕ್ಕಪ್ಪ ಗಾಜಿಗೆ ಮೂಗು ಒತ್ತಿ ನೋಡಿ, "ಹೋಯ್ತು ಕಣೋ. ಒಳ್ಳೇ ಕಲ್ಲಾಗಿತ್ತು," ಎಂದ. ಬಲ್ಲಣ್ಣನ ಹೆಂಡತಿಗೆ ಅಳು ಬಂತು. "ರೀ, ನಿಮಗೆ ಬರಲ್ಲ ಅಂತ ಅವತ್ತೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. ಬಲ್ಲಣ್ಣನಿಗೆ ಇದು ನುಂಗಲಾರದ, ಉಗುಳಲಾರದ ಬಿಸಿ ತುಪ್ಪವಾಯಿತು. ಇನ್ನೂ ಹುಳ ಉಳಿದಿರಬೇಕು ಎಂದು ತೀರ್ಮಾನಿಸಿ, ಭಾವ ಪ್ರೂಫ್ ಕೊಡಲು ಅಚ್ಚುಕೂಟಕ್ಕೆ ಹೋಗಿದ್ದಾಗ ಅದನ್ನು ಮತ್ತೊಮ್ಮೆ ಔಷಧಿಯಲ್ಲಿ ಅದ್ದಿದ. ಗಾಯದ ಮೇಲೆ ಬರೆ ಎಳೆದಂತಾಯಿತು. ಕಲ್ಲಿನ ಒಂದು ಬದಿ ಬೆಳ್ಳಗಾಯಿತು.

ಅಕ್ಕ ಒಂದೇ ಒಂದು ಕೆಲಸ ಒಪ್ಪಿಸಿದ್ದಳು, ಅದನ್ನೂ ತಾನು ಕೊಂದೆ ಎಂದು ಬಲ್ಲಣ್ಣನಿಗೆ ಖಾತ್ರಿಯಾಯಿತು. ಅವತ್ತು ಕಚೇರಿಯಲ್ಲಿ ಒಬ್ಬ ಮುದುಕ "ನಲ್ಲೀಲಿ ಹುಳ ಬರ್ತಿದೆ" ಎಂದಾಗ ಬಲ್ಲಣ್ಣ "ಔಷಧಿಯಲ್ಲಿ ಅದ್ದಿ" ಎಂದುಬಿಟ್ಟ. ಮುದುಕ ಮೇಲಧಿಕಾರಿಗೆ ದೂರು ಕೊಟ್ಟ. ಮೇಲಧಿಕಾರಿ ಬಂದು, "ಏನ್ರೀ, ಮನೆಯಲ್ಲಿ ಎಲ್ಲಾ ಸರಿ ಇದೆಯಾ?" ಎಂದು ಕೇಳಿದರು. "ಗೊತ್ತು ಸಾರ್" ಎಂದ ಬಲ್ಲಣ್ಣ. ಅವರು ಅರ್ಧ ದಿನ ರಜೆ ಕೊಟ್ಟು ಕಳಿಸಿದರು.

ರಜೆಯ ಅರ್ಧ ದಿನ ಮೀನಿನ ಅಂಗಡಿಯಲ್ಲಿ ಖರ್ಚಾಯಿತು. ಗೋಡೆಯ ಮೇಲೆ ಪ್ಲಾಸ್ಟಿಕ್ ಹವಳಗಳು ತೂಗುಬಿದ್ದಿದ್ದವು. ನೇರಳೆ ಅಂಚಿನದೊಂದು, ಹೆಚ್ಚುಕಮ್ಮಿ ಹಾಗೇ ಇರುವಂಥದ್ದು, ಬಲ್ಲಣ್ಣ ಆರಿಸಿದ.

"ಇದನ್ನ ಅದ್ದೋದು ಬೇಡ," ಎಂದ ಅಂಗಡಿಯವನು.

"ಗೊತ್ತು."

"ಟ್ಯಾಂಕು ಯಾರದ್ದು?"

"ಅಕ್ಕಂದು. ರಕ್ತಪರೀಕ್ಷೆ ಲ್ಯಾಬಲ್ಲಿದ್ರು. ತೀರಿಕೊಂಡ್ರು."

ಅಂಗಡಿಯವನು ಕೈಯಲ್ಲಿದ್ದ ಬಲೆ ಕೆಳಗಿಟ್ಟ. "ಆ ಮೇಡಮ್ಮಾ?" ಎಂದು ಕೇಳಿ ಸ್ಟೂಲಿನ ಮೇಲೆ ಕೂತ. "ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸ್ಕೊಂಡು, ಆಮೇಲೆ ಎಲ್ಲಿ ತಪ್ಪಿದೆ ಅಂತ ಹೇಳ್ತಿದ್ರು. ಮನೆಗೆ ಒಂದು ಸಲ ಬರ್ತೀನಿ." ಬಲ್ಲಣ್ಣ ವಿಳಾಸ ಬರೆದುಕೊಟ್ಟ.

ಭಾವ ಮತ್ತೆ ಅಚ್ಚುಕೂಟಕ್ಕೆ ಹೋದ ದಿನ ಬಲ್ಲಣ್ಣ ಪ್ಲಾಸ್ಟಿಕ್ಕನ್ನು ಎತ್ತರದ ಕಲ್ಲಿನ ಮೇಲೆ ಪ್ರತಿಷ್ಠಾಪಿಸಿದ. ಸತ್ತದ್ದನ್ನು ಕಸದ ಬುಟ್ಟಿಗೆ ಹಾಕಲು ಹೋದ, ಕೈ ಬರಲಿಲ್ಲ. ಅಕ್ಕನ ಡಬ್ಬಿಯಿಂದ ಬಂದದ್ದು ಅದು. ಕೊನೆಗೆ ಅದೇ ಟ್ಯಾಂಕಿನಲ್ಲಿ, ದೊಡ್ಡ ಕಲ್ಲಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕತ್ತಲ ಮೂಲೆಯಲ್ಲಿ ಇಟ್ಟು, "ತಪ್ಪಾಯ್ತಕ್ಕ" ಎಂದ.

ಪ್ಲಾಸ್ಟಿಕ್ ಹವಳ ಮನೆಗೆ ಜೀವ ತಂದಿತು. ಪಂಪಿನ ನೀರಿಗೆ ಅದು ಎಷ್ಟು ಚೆನ್ನಾಗಿ ಬಳುಕುತ್ತಿತ್ತೆಂದರೆ ಟ್ಯಾಂಕಿನ ಉಳಿದ ಹವಳಗಳೇ ಸುಳ್ಳೆನಿಸುತ್ತಿದ್ದವು. ಮೇಲಿನ ಮನೆಯಾಕೆ ಅದರ ಜೊತೆ ಫೋಟೋ ತೆಗೆಸಿಕೊಂಡಳು. "ಹೊತ್ತು ನೋಡಿದವನು ನಾನು," ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳಿದ. ಬಲ್ಲಣ್ಣ ಹವಳ ಸಾಕಾಣಿಕೆಯ ಬಗ್ಗೆ ನಾಲ್ಕು ಜನರಿಗೆ ಭಾಷಣವನ್ನೂ ಮಾಡಬೇಕಾಯಿತು. ಮಾಡುತ್ತಾ ಮಾಡುತ್ತಾ ತಲೆ ತಗ್ಗಿಸಿದ. ವಿನಯ ಎಂದುಕೊಂಡರು ಜನ. ಭಾವ ಮಾತ್ರ ದಿನದ ಪ್ರಶ್ನೆ ಬಿಡಲಿಲ್ಲ: "ಹೇಗಿದೆ?"

"ಚೆನ್ನಾಗಿದೆ ಭಾವ."

"ಹೂಂ," ಎನ್ನುತ್ತಿದ್ದರು.

ಮುಂದಿನ ಭಾನುವಾರ ಅಂಗಡಿಯವನು ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮನೆ ತುಂಬ ಜನ. ಚಿಕ್ಕಪ್ಪ ಅವನ ತೋಳು ಹಿಡಿದು ಟ್ಯಾಂಕಿನ ಮುಂದೆ ನಿಲ್ಲಿಸಿ, "ನೋಡಿ, ನಮ್ಮ ಹುಡುಗಿಯ ಕೊನೇ ಹವಳ. ನಮ್ಮವನು ಹೇಗೆ ಉಳಿಸಿದ್ದಾನೆ!" ಎಂದ.

ಅಂಗಡಿಯವನು ತಾನೇ ಮಾರಿದ ಪ್ಲಾಸ್ಟಿಕ್ಕನ್ನು ನೋಡಿದ. ಬಲ್ಲಣ್ಣನನ್ನು ನೋಡಿದ. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆ ಎಂದು ತಿಳಿಯದವರಿಗೆ ಅಂದು ಅಲ್ಲಿ ಒಳ್ಳೆಯ ಅವಕಾಶವಿತ್ತು. ಟ್ಯಾಂಕಿನ ಸುತ್ತ ನಡೆದು, ಪಕ್ಕದ ಗಾಜಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬಹಳ ಹೊತ್ತು ಒಳಗೆ ಇಣುಕಿದ. ಆಮೇಲೆ ಕೇಳಿದ:

"ಇದನ್ನ ಇಲ್ಲಿ ಇಟ್ಟಿದ್ದು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಲ್ಲಣ್ಣ ಹೆಗಲೊಂದೇ ಅಲ್ಲ, ಇಡೀ ಮೈ ಒಪ್ಪಿಸಿಬಿಟ್ಟ. "ನಾನೇ! ನಾನೇ ಕೊಂದೆ! ಎರಡು ಸಲ ಅದ್ದಿದೆ! ಮುಂದಿರೋದು ಪ್ಲಾಸ್ಟಿಕ್ಕು! ನನಗೇನೂ ಗೊತ್ತಿಲ್ಲ, ಯಾವತ್ತೂ ಗೊತ್ತಿರಲಿಲ್ಲ!"

"ಪ್ಲಾಸ್ಟಿಕ್ಕಿನ ಜೊತೆ ಫೋಟೋ ತೆಗೆಸ್ಕೊಂಡೆನಾ ನಾನು!" ಎಂದು ಮೇಲಿನ ಮನೆಯಾಕೆ ಬಾಯಿ ಮೇಲೆ ಕೈ ಇಟ್ಟಳು. ಚಿಕ್ಕಪ್ಪ ತನ್ನ ಗಡಿಯಾರವನ್ನು ಅಂಗಿಯ ತೋಳಿನೊಳಗೆ ಸೇರಿಸಿದ.

"ಕೊಂದಿಲ್ಲ," ಎಂದ ಅಂಗಡಿಯವನು. "ಅದ್ದಿದ ಮೇಲೆ ಒಂದಷ್ಟು ದಿನ ಮುದುಡಿಕೊಂಡೇ ಇರುತ್ತೆ, ಸತ್ತ ಹಾಗೇ ಕಾಣುತ್ತೆ. ಬೆಳಕು ಕಮ್ಮಿ ಇರೋ ಮೂಲೇಲಿಟ್ಟು, ಮುಟ್ಟದೆ ಬಿಟ್ಟುಬಿಡಿ. ಅವತ್ತು ಇಷ್ಟೇ ಹೇಳೋಕೆ ಹೋಗಿದ್ದು. ನೀವು ಗೊತ್ತು ಅಂದ್ರಿ. ಇಟ್ಟಿರೋ ಜಾಗ ಸರಿಯಾಗೇ ಇದೆ."

ಎಲ್ಲರೂ ಬಗ್ಗಿ ನೋಡಿದರು. ಕಲ್ಲಿನ ಹಿಂದಿನ ಕತ್ತಲಲ್ಲಿ ಒಂದು ಬದಿಯ ಬಾಯಿಗಳು ತೆರೆದಿದ್ದವು, ನೇರಳೆ ಅಂಚು, ಹಸಿರು ನಡು. ಇನ್ನೊಂದು ಬದಿ ಬರೀ ಬಿಳಿ ಕಲ್ಲು.

"ಆ ಬದಿ?" ಎಂದಳು ಬಲ್ಲಣ್ಣನ ಹೆಂಡತಿ.

"ಎರಡನೇ ಸಲ ಅದ್ದಿದ್ದಕ್ಕೆ ಹೋಯ್ತು. ಅದು ಬರಲ್ಲ." ಅಂಗಡಿಯವನು ಎದ್ದ. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಭಾವನಿಗೆ ಕೈ ಮುಗಿದು ಹೋದ. ಅವನ ಹಿಂದೆಯೇ ಒಬ್ಬೊಬ್ಬರಾಗಿ ಜನ ಕರಗಿದರು. ಹೋಗುವಾಗ ಚಿಕ್ಕಪ್ಪ, "ನನಗೆ ಮೊದಲೇ ಅನುಮಾನ ಇತ್ತು," ಎಂದ. ಹೆಂಡತಿ ಟೀ ಲೋಟ ತೊಳೆಯಲು ಒಳಗೆ ಹೋದಳು.

ಭಾವ ಕುರ್ಚಿಯಲ್ಲಿ ಕೂತಿದ್ದರು. ಬಲ್ಲಣ್ಣ ನೆಲದ ಮೇಲೆ ಕೂತ.

"ಪ್ಲಾಸ್ಟಿಕ್ಕು ಅಂತ ನಿಮಗೆ ಯಾವಾಗ ತಿಳೀತು ಭಾವ?"

"ಅವತ್ತೇ. ಬುಡದ ಬೆಲೆ ಚೀಟಿ ಬಿಚ್ಚಿ ತೇಲ್ತಾ ಇತ್ತು. ತೆಗೆದು ಹಾಕಿದೆ."

"ಮತ್ತೆ ಯಾಕೆ ಬೈಲಿಲ್ಲ?"

"ಬೈದಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ."

ಬಲ್ಲಣ್ಣ ಗವಸಿಲ್ಲದ ತನ್ನ ಕೈಗಳನ್ನೇ ನೋಡಿಕೊಂಡ. "ಇನ್ನೊಂದು ಹೇಳ್ಬೇಕು. ಆಸ್ಪತ್ರೇಲಿ ಅಕ್ಕ ಈ ಡಬ್ಬಿ ವಿಷಯ ನನಗೆ ಏನೋ ಹೇಳೋಕೆ ಬಂದ್ಲು. ಡಬ್ಬಿ ಬಂದ್ರೆ ನೀನು... ಅಂದ್ಲು. ನಾನು ಗೊತ್ತು ಅಂದುಬಿಟ್ಟೆ. ಏನು ಹೇಳೋಕಿತ್ತೋ ಕೇಳಿಸ್ಕೊಳ್ಳಲೇ ಇಲ್ಲ ಭಾವ."

"ನನಗೆ ಪೂರ್ತಿ ಹೇಳಿದಳು. ನೀನು ಟೀ ಕುಡಿಯೋಕೆ ಹೋದಾಗ."

ಬಲ್ಲಣ್ಣ ತಲೆಯೆತ್ತಿದ. "ಏನಂತ?"

"'ಡಬ್ಬಿ ಬಂದ್ರೆ ನೀನು ಮಾತ್ರ ಮುಟ್ಟಬೇಡ ಕಣೋ ಅಂತ ಹೇಳೋಕೆ ಹೋದ್ರೆ, ಗೊತ್ತು, ನಾನೇ ನೋಡ್ಕೋತೀನಿ ಅಂತಾನೆ ನೋಡಿ!' ಅಂದಳು. ಅಂದು ನಕ್ಕಳು. ನರ್ಸು ಬಂದು ಸುಮ್ಮನಿರಿ ಅನ್ನೋವರೆಗೂ ನಕ್ಕಳು." ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. "ಆಮೇಲೆ ನಗಲಿಲ್ಲ."

ಬಲ್ಲಣ್ಣನಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ವಿಚಿತ್ರ ಸದ್ದೊಂದು ಹೊರಟಿತು. ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು.

"ಎಲ್ಲಾ ತಿಳಿದೂ ನನ್ನ ಕೈಗೇ ಯಾಕೆ ಕೊಟ್ರಿ ಭಾವ?"

"ಮನೆ ತುಂಬಾ ಸುಮ್ಮನಿತ್ತು," ಎಂದರು ಭಾವ. "ನಾನು ಅದ್ದಿದ್ರೆ ಎಲ್ಲಾ ಸರಿಯಾಗಿ ಮುಗಿದುಹೋಗ್ತಿತ್ತು. ನಿನಗೆ ಕೊಟ್ರೆ ಏನಾದ್ರೂ ಗಲಾಟೆ ಆಗುತ್ತೆ ಅನ್ನಿಸ್ತು. ಅರ್ಧ ಹೋಗುತ್ತೆ ಅಂದ್ಕೊಂಡಿರಲಿಲ್ಲ."

ಅವರು ಎದ್ದು, ತೋಳು ಮಡಿಸಿ, ಟ್ಯಾಂಕಿನೊಳಗೆ ಕೈಯಿಳಿಸಿ ಪ್ಲಾಸ್ಟಿಕ್ಕನ್ನು ಹೊರತೆಗೆದು ಬಲ್ಲಣ್ಣನ ಕೈಯಲ್ಲಿಟ್ಟರು. ಎತ್ತರದ ಕಲ್ಲು ಖಾಲಿಯಾಯಿತು. ಹಿಂದಿದ್ದದ್ದನ್ನು ಮುಟ್ಟಲಿಲ್ಲ. ಇಬ್ಬರೂ ಪಕ್ಕದ ಗಾಜಿನ ಹತ್ತಿರ ಕೂತು ಅದನ್ನೇ ನೋಡಿದರು. ನೀರಿನ ಸೆಳೆತಕ್ಕೆ ತೆರೆದ ಬಾಯಿಗಳು ಒಂದೇ ಕಡೆ ವಾಲುತ್ತಿದ್ದವು. ಬಿಳಿಯ ಬದಿ ಹಾಗೇ ಇತ್ತು.

"ಅವಳು ಇದ್ದಿದ್ರೆ ಈಗ..." ಎಂದು ಶುರು ಮಾಡಿದರು ಭಾವ. ಬಲ್ಲಣ್ಣ ಕಾದ. ಹುಟ್ಟಿದಂದಿನಿಂದ ಕಾಯದವನು ತುಟಿ ಬಿಗಿಹಿಡಿದು ಕಾದ. ಭಾವ ಬಾಯಿ ತೆರೆದರು, ಮುಚ್ಚಿದರು. ಉಳಿದರ್ಧ ಬರಲಿಲ್ಲ.

"ಗೊತ್ತು ಭಾವ," ಎಂದ ಬಲ್ಲಣ್ಣ ಮೆಲ್ಲಗೆ. ಈ ಒಂದು ಸಲ ಅವನಿಗೆ ಗೊತ್ತಿತ್ತು.